ನಲವತ್ತು ಬಾಕಿ

ಮಲ್ಪೆ ಧಕ್ಕೆಯ ಬದಿಯಲ್ಲಿ
ಮರಹುಡಿಯ ಗುಳಿಗೆ ತಿನ್ನುವ ಗ್ರಿಲ್ಲು.
ಸವೆತದ ಲೆಕ್ಕ ಅದರ ಹಣೆಯ ಮೇಲೇ:
ಫ್ಯಾನು ಎಂಬತ್ತೆರಡು, ತಿರುಪು ಎಪ್ಪತ್ತು,
ಕಿಡಿಕಡ್ಡಿ ಇನ್ನೂ ನಲವತ್ತು ಬಾಕಿ

ಎನ್ನುತ್ತಲೇ ಆದಿತ್ಯವಾರ ಸಂಜೆ ಸತ್ತಿತು ಕಡ್ಡಿ.
ಮಸಾಲೆ ಮೆತ್ತಿದ ಅಂಜಲು ಕಾಯುತ್ತಿತ್ತು,
ಗಿರಾಕಿಗಳೂ.
ಕಂಪೆನಿಗೆ ಫೋನು: ‘ಇನ್ನೂ ಬಾಳಿಕೆ ಇದೆ ಸಾರ್.’
ಗೆರಟೆಯ ಕೆಂಡ ಸುರಿದು
ಮಾನ ಉಳಿಸಿದಳು ವಾರಿಜಕ್ಕ.

ಬಿಚ್ಚಿ ನೋಡಿದರೆ ಬುಡದಲ್ಲಿ ಬಿಳಿ ಉಪ್ಪು.
ಲೆಕ್ಕ ಕಲಿಸಿದವರ ಊರಲ್ಲಿ
ಕಡಲಿರಲಿಲ್ಲವೋ ಏನೋ.

ಹೊಸ ಕಡ್ಡಿ ಹಾಕಿದೆ. ಪರದೆ ನೂರು ಎಂದಿತು.
ವಾರಿಜಕ್ಕ ಒದ್ದೆ ಬೆರಳಲ್ಲೇ ಒತ್ತಿ ಒತ್ತಿ
ಅರುವತ್ತಕ್ಕೆ ಇಳಿಸಿದಳು:
‘ದೋಣಿಗೊಂದು ಪಾಲು, ಬಲೆಗೊಂದು ಪಾಲು
ತೆಗೆದಿಡುವುದಿಲ್ಲವಾ?
ಇದು ಉಪ್ಪುಗಾಳಿಗೆ.’