ಕೈ ಮುಟ್ಟಿದರೆ ಫೌಲು

ಕ್ಲಬ್ಬಿನ ಮೊದಲ ಲೆಕ್ಕ ಇರುವುದು
ದಸ್ತಗೀರ್ ಸಾಬರ ಗೂಡಿನ ಖಾತೆ ಪುಸ್ತಕದ ಹಿಂಬದಿಯಲ್ಲಿ:
ಚೆಂಡು ಒಂದು, ಅರವತ್ತೆರಡು ರೂಪಾಯಿ.
ಪಂಪಿಲ್ಲ. ಸೈಕಲ್ ಶಾಪಿನ ಪಿಳ್ಳಪ್ಪ ಪುಕ್ಕಟೆ ಗಾಳಿ ಹೊಡೆದ.
ಇಸವಿ ಬರೆದಿಲ್ಲ.
ನೂಲಿನ ರೇಟು ಬಿದ್ದ ವರ್ಷ ಅನ್ನುತ್ತಾರೆ ಕೆಲವರು;
ಉಳಿದವರಿಗೆ ರೇಟು ಬೀಳದ ವರ್ಷವೇ ನೆನಪಿಲ್ಲ.

ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಆಗ
ಬೆಳಗಿನ ನಾಲ್ಕಕ್ಕೆ ಒಲೆ ಹತ್ತುತ್ತಿತ್ತು.
ಕುದಿನೀರಲ್ಲಿ ಗೂಡು ಕುಣಿಯುತ್ತಿದ್ದವು,
ಬೆರಳು ಎಳೆ ಹುಡುಕುತ್ತಿದ್ದವು.
ಹತ್ತು ವರ್ಷದ ಹುಡುಗನ ಅಂಗೈ,
ಎಪ್ಪತ್ತರ ಅಜ್ಜಿಯ ಅಂಗೈ
ಪಕ್ಕಪಕ್ಕ ಇಟ್ಟರೆ
ಯಾವುದು ಯಾರದೆಂದು ಹೆತ್ತವಳಿಗೂ ತಿಳಿಯುತ್ತಿರಲಿಲ್ಲ.

ಅಂಥ ಕೈಗಳನ್ನು ಕೂರಿಸಿಕೊಂಡು
ದಸ್ತಗೀರ್ ಸಾಬರು ಒಂದು ಸಂಜೆ ಹೇಳಿದರಂತೆ:
'ಒಂದಾಟ ಇದೆ ಕಣ್ರೋ,
ಅದರಲ್ಲಿ ಕೈ ಮುಟ್ಟಿದರೆ ತಪ್ಪು.'

ಯಾರೂ ಮಾತಾಡಲಿಲ್ಲವಂತೆ.
ಆಮೇಲೆ ಅಫ್ರೋಜ್ ಕೇಳಿದನಂತೆ,
'ದಿನಾಲೂ?'

ಮೈದಾನ ಅಂದರೆ ಬತ್ತಿದ ಕೆರೆ.
ಗೋಲಿಗೆ ಮಳ್ಳೂರಿನ ರೈತರು ಬಿಸಾಕಿದ ಚಂದ್ರಿಕೆ ನಾಲ್ಕು,
ಕಲ್ಲಿಗೆ ಒರಗಿಸಿ.
ಜಾಲಿಮುಳ್ಳು ಚುಚ್ಚಿ ಚೆಂಡು ಸತ್ತ ದಿನಗಳಿಗೆ
ಪುಸ್ತಕದಲ್ಲಿ ಅಡ್ಡಗೀಟು. ಹನ್ನೊಂದಿವೆ.
ಅಂಗಿ ಬಿಚ್ಚಿದವರದೊಂದು ತಂಡ, ಬಿಚ್ಚದವರದೊಂದು;
ಎರಡಕ್ಕೂ ಬೆಂದ ಹುಳದ ಒಂದೇ ವಾಸನೆ.

ಚಿಂತಾಮಣಿಯ ಮೊದಲ ಮ್ಯಾಚಿನಲ್ಲಿ
ಎದುರಿನವರು ಮೂಗು ಹಿಡಿದುಕೊಂಡು ಕೂಗಿದರು:
'ಬೇಸಿನ್ ಬಾಯ್ಸ್! ಬೇಸಿನ್ ಬಾಯ್ಸ್!'
ಏಳು ಸೊನ್ನೆಯಲ್ಲಿ ಸೋತು, ಟೆಂಪೋದಲ್ಲಿ
ಗೂಡಿನ ಕ್ರೇಟುಗಳ ನಡುವೆ ಮುದುಡಿ ವಾಪಸು ಬರುವಾಗ
ಕತ್ತಲಲ್ಲಿ ಯಾರೋ ಅಂದರು,
'ಹೆಸರೇನೋ ಚೆನ್ನಾಗೇ ಇದೆ.'
ಮರುವಾರದ ಲೆಕ್ಕ: ಬೋರ್ಡು ಬರೆಸಿದ್ದಕ್ಕೆ ಹದಿನೆಂಟು ರೂಪಾಯಿ.

ಗೋಲ್‌ಕೀಪರ್ ಆಗಲು ಮಾತ್ರ ಯಾರೂ ಒಪ್ಪರು.
ಕೈಗೆ ಸಿಕ್ಕ ಒಂದೇ ರಜೆಯನ್ನು ಯಾರು ಬಿಟ್ಟಾರು?
ಚೀಟಿ ಎತ್ತಿದರು. ನನ್ನ ಹೆಸರು ಬಂತು.
ಬೊಬ್ಬೆ ಒಡೆದ ಅಂಗೈಗೆ ಚೆಂಡು ಬಡಿದಾಗ
ನೆತ್ತಿಯವರೆಗೂ ಉರಿ.
ಅಮ್ಮ ಬೈಯುತ್ತಲೇ
ಹಳೇ ಬನಿಯನ್ ಬಟ್ಟೆಯೊಳಗೆ ಜೂಟು ತುಂಬಿ ಹೊಲಿದುಕೊಟ್ಟಳು.
ಇಡೀ ಜಿಲ್ಲೆಯಲ್ಲಿ ರೇಷ್ಮೆ ಗ್ಲೌಸು ತೊಟ್ಟ ಗೋಲ್‌ಕೀಪರ್
ನಾನೊಬ್ಬನೇ ಇರಬೇಕು.
ಆದರೂ ಬಿಟ್ಟ ಗೋಲುಗಳ ಲೆಕ್ಕ
ಪುಸ್ತಕದಲ್ಲಿದೆ, ನಾನು ಓದಿ ಹೇಳುವುದಿಲ್ಲ.

ಈಗ ಮಿಷಿನ್ನು ನೂಲು ತೆಗೆಯುತ್ತದೆ.
ಹುಡುಗರ ಕೈ ಮೆತ್ತಗಿವೆ, ಬೂಟು ಬಿಗಿಯಾಗಿವೆ.
ಇಬ್ಬರು ಜಿಲ್ಲಾ ತಂಡಕ್ಕೆ ಆಡಿದ್ದಾರೆ.
ಬೇಸಿನ್ ಅಂದರೆ ಕೈ ತೊಳೆಯುವ ಸಿಂಕು
ಅಂದುಕೊಂಡವನೊಬ್ಬ ಕ್ಯಾಪ್ಟನ್ನು.
ನಾನು ತಿದ್ದಲಿಲ್ಲ. ಯಾಕೆ ತಿದ್ದಬೇಕು?

ಹೋದ ವರ್ಷ ಕೆರೆಗೆ ನೀರು ಬಂತು, ಪೈಪಿನಲ್ಲಿ,
ಬೆಂಗಳೂರು ಬಳಸಿ, ಸೋಸಿ ಕಳಿಸಿದ್ದು.
ಹೆಂಗಸರು ಅರಿಶಿನ ಕುಂಕುಮ ತಂದರು.
ಬೋರ್‌ವೆಲ್ಲು ಸಾವಿರದೈನೂರು ಅಡಿ ಇಳಿದ ಊರಲ್ಲಿ
ನೀರನ್ನು ಬೈಯಲು ಯಾರಿಗೆ ಬಾಯಿ ಬರುತ್ತದೆ?
ಚಂದ್ರಿಕೆ ಮುಳುಗಿದ್ದನ್ನು
ದಸ್ತಗೀರ್ ಸಾಬರು ಏರಿಯ ಮೇಲೆ ಕೂತು ನೋಡಿದರು.
'ಕೊಕ್ಕರೆ ನಿಂತಿದೆಯಲ್ಲ,
ಅದು ಪೆನಾಲ್ಟಿ ಜಾಗ' ಅಂದರು.
ನಕ್ಕರೋ ಏನೋ. ಚಳಿಗೆ ಮಫ್ಲರ್ ಸುತ್ತಿದ್ದರು, ಕಾಣಲಿಲ್ಲ.

ಆಟ ಈಗ ಏರಿಯ ಪಕ್ಕದ ಗೋಮಾಳದಲ್ಲಿ, ಇಳಿಜಾರು.
ಪುಸ್ತಕ ನನ್ನ ಹತ್ತಿರ ಇದೆ. ಇವತ್ತಿನ ಲೆಕ್ಕ:
ಹೊಸ ಚೆಂಡು ಒಂದು, ಒಂಬೈನೂರ ಐವತ್ತು.
ಮೊದಲ ಒದೆತಕ್ಕೇ ಏರಿ ದಾಟಿ ನೀರಿಗೆ.
ಅಫ್ರೋಜನ ಮಗ ಈಜಿ ತಂದ.
ಅದು ತೇಲಿ ನಿಂತಿದ್ದು
ಸರಿಯಾಗಿ ಹಳೇ ಗೋಲಿನ ಮೇಲೆ.
ಗೋಲು ಅಂತ ಬರೆಯಬೇಕೋ ಬೇಡವೋ,
ಪೆನ್ನಿನ ಮುಚ್ಚಳ ತೆಗೆದು ಕೂತಿದ್ದೇನೆ.