ಖಚಿತ ಬಾತ್ಮಿ

ಬೀದರ, ಚೌಬಾರಾ ಠಾಣೆ.
ಇಸವಿ ಎರಡು ಸಾವಿರದ ಒಂಬೈನೂರಾ ಎಂಟು.
ಸರಕಾರದ ಕಾಗದದಾಗ ನಾವು ಶೂನ್ಯಬಲ ದಳ,
ಮಂದಿ ಬಾಯಾಗ ಸಿಫರ್ ಪೊಲೀಸ್.
ಹಾರಾಕ ಬರಬಾರ್ದು, ಗ್ವಾಡಿ ಆಚಿಗಿಂದು ಕಾಣಬಾರ್ದು,
ಬೆರಳ ತುದಿಗಿ ಕಿಡಿ ಇರಬಾರ್ದು.
ಭರ್ತಿ ದಿನ ಯಂತ್ರದಾಗ ನಿಂದ್ರಿಸಿ ತೂಗ್ತಾರ,
ಕೂದಲೆಳಿಯಷ್ಟು ಶಕ್ತಿ ಸಿಕ್ರೂ ವಾಪಸ್ ಮನಿಗಿ.
ಪಾಸಾದವರಿಗಿ ಬಿದ್ರಿ ಬಿಲ್ಲೆ:
ಕಿಲ್ಲಾದ ಮಣ್ಣು ಹಚ್ಚಿ ಕರ್ರಗ ಮಾಡಿದ ತಗಡು,
ನಡುವ ಬೆಳ್ಳಿ ತಂತಿದೊಂದು ಸೊನ್ನಿ.

ಮ್ಯಾಲ ಅಂಬರ ಮಂಡಳಿ.
ಅವರ ಜಗಳ ಮುಗಲಾಗ,
ಬೀಳೋದು ನಮ್ಮ ಹದ್ದಿನಾಗ.

ನಾ ಸುಗಲಾ, ಹೆಡ್ ಕಾನ್‌ಸ್ಟೇಬಲ್.
ಹನ್ನೆರಡು ವರ್ಷಾತು, ಪಂಚನಾಮಿ ಬರಕೋತ.
ಮೊನ್ನೆ ಐತಾರ ಸಿಡಿಲಣ್ಣ ಕಾಂತಾಸುರನ ಕುತ್ತಿಗಿ ಹಿಡದು
ಗಡಿಯಾರದ ಬುರುಜಿಗಿ ಒಗದ.
ಬರದೆ: ಗಡಿಯಾರ ಒಂದು, ಸಣ್ಣ ಮುಳ್ಳು ಸಿಕ್ಕಿಲ್ಲ.
ಚಹಾದಂಗಡಿ ತಗಡು ಎಂಟು.
ಬಿದ್ರಿ ಕಾರಖಾನಿ ಕುಲುಮಿ, ಅರ್ಧ ಕೆತ್ತಿದ ಹುಕ್ಕಾ ಮೂರು.
ಒಬ್ಬಾಕಿ ಮಾಳಗಿ ಮ್ಯಾಲ ಒಣಾ ಹಾಕಿದ ಶಾವಗಿ, ಪೂರಾ.
"ಒಂದ್ ಸಹಿ ಮಾಡ್ರಿ ಅಣ್ಣಾರ" ಅಂತ ಮ್ಯಾಲಕ್ಕ ಕಾಗದ ಹಿಡದೆ.
ಅಂವ ಅಷ್ಟೊತ್ತಿಗಿ ಯಾದಗಿರಿ ದಾಟಿದ್ದ.
ಮಂದಿ ಇನ್ನೂ ಚಪ್ಪಾಳಿ ಹೊಡಿಲತ್ತಿದ್ರು.

ಆಗ ಕೇಳಸ್ತು.

ನಮ್ಮ ಊರಿನ ಹೊಟ್ಟ್ಯಾಗ ಹಳೇ ಸುರಂಗ ಬಾವಿ ಅವ.
ಬಾದಶಹಾರ ಕಾಲದ ನೀರು
ಕತ್ತಲದಾಗ ಗ್ವಾಡಿ ಸವರ್ಕೋತ ಹೋಗ್ತದ.
ನಮ್ಮ ಮುತ್ಯಾ ಅದರಾಗ ಹೂಳ ತೆಗಿತಿದ್ದ.
ಸಣ್ಣಾಕಿದ್ದಾಗಿಂದ ನನಗ ಅದು ಕೇಳ್ತದ,
ಎಲ್ಲಿ ನಿಂತ್ರೂ, ಬೂಟು ಹಾಕಿದ್ರೂ.
ಭರ್ತಿ ಆದದ್ದು ಬ್ಯಾಸಿಗ್ಯಾಗ. ನೀರು ತಳಾ ಸೇರಿತ್ತು, ಸುಮ್ಮನಿತ್ತು.
ಯಂತ್ರ ಸೊನ್ನಿ ತೋರಸ್ತು.
ನಾನೂ ಸುಮ್ಮನಿದ್ದೆ.

ಮೊನ್ನೆ ನೀರು ತಡವರಿಸ್ತು.
ಹೋಗೋ ದಾರ್ಯಾಗ ಕಲ್ಲು. ಕಲ್ಲಿನ ಆಚಿಗಿ
ನೀರಿಂದಲ್ಲದ ಸಪ್ಪಳೊಂದು,
ಬಿಕ್ಕು,
ಬಿಟ್ಟು ಬಿಟ್ಟು.

ಜಮ್ನಾ ಮೋರಿ ಮೂರನೇ ಕಿಂಡಿ ಬಲ್ಲಿ ಅಗಿಸಿದೆ.
ಹಾರೋರು ಯಾರೂ ಇರಲಿಲ್ಲ.
ಗುದ್ದಲಿ, ಬುಟ್ಟಿ, ಇಬ್ಬರು ಹಮಾಲರು, ಹುಕ್ಕಾ ಮುರಕೊಂಡ ಉಸ್ತಾದ.
ಶಾವಗಿ ಕಳಕೊಂಡಾಕಿ
ಸಿಡಿಲಣ್ಣನ ಹಡದಾಕಿ ತನಕ ಬೈಕೋತ ಮಣ್ಣು ಹೊತ್ತಳು.
ದೀಪ ಹಚ್ಚೋ ಹೊತ್ತಿಗಿ ಹೊರಗ ಬಂದಳು ಎಸ್ತೇರ,
ಒಂಬತ್ತು ವರ್ಷದಾಕಿ, ನೆಲ ಕುಸದು ಒಳಗ ಬಿದ್ದಿದ್ದಳು.
ಹುಬ್ಬಿನ ತನಕ ಕೆಂಪು ಮಣ್ಣು.
ಕಂಕಳಾಗ ಗಡಿಯಾರದ ಮುಳ್ಳು, ಕೊಡವಲ್ಲಳು.
ಮೊದಲಿಗಿ ಕೇಳಿದ್ದು, ಎಷ್ಟಾತು?

ವರದಿ ಬರಿಬೇಕಲ್ಲ. ಬರದೆ,
ನಮ್ಮ ಇಲಾಖಿ ಹುಟ್ಟಿದಾಗಿಂದ ಬರಕೋತ ಬಂದಂಗ:
"ಬಾತ್ಮಿದಾರರಿಂದ ಬಂದ ಖಚಿತ ಬಾತ್ಮಿ ಮೇರೆಗೆ
ಸಿಬ್ಬಂದಿಯೊಡನೆ ಸದರಿ ಸ್ಥಳಕ್ಕೆ ಹೋಗಲಾಗಿ..."

ಖುದ್ದೂಸ್ ಸಾಹೇಬ್ರು ಓದಿದ್ರು. ಕನ್ನಡಕ ಇಳಿಸಿದ್ರು.
"ಬಾತ್ಮಿದಾರ ಯಾರವ್ವಾ?"
"ಹೆಸರು ಹೇಳಂಗಿಲ್ರಿ. ಗೌಪ್ಯ."
"ನಂಬಬಹುದಾ?"
"ಇಲ್ಲಿತನ ಸುಳ್ಳು ಹೇಳಿಲ್ರಿ.
ಬ್ಯಾಸಿಗ್ಯಾಗ ಮಾತ್ರ ಮಾತು ಕಡಿಮಿ."

ನನ್ನ ಎದಿ ಮ್ಯಾಲಿನ ಸೊನ್ನಿ ನೋಡಿದ್ರು,
ಭಾಳೊತ್ತು ನೋಡಿದ್ರು.
ಬಿಲ್ಲೆ ಬಿಚ್ಚಾಕ ನಾ ಕೈ ಎತ್ತಿದ್ದೆ.
ಠಸ್ಸೆ ಒತ್ತಿ ಕಡತ ಮುಚ್ಚಿದ್ರು.
ಕುಂದ್ರು, ದಣದೀ, ಅಂದು
ತಮ್ಮ ಕಪ್ಪು ನನ್ನ ಕಡಿ ಸರಿಸಿದ್ರು.

ಮುಂಜಾನಿ ಏಳಕ್ಕ ನಾನೇ ತಂದಿಟ್ಟ ಚಹಾ ಅದು.
ರಾತ್ರಿ ಹತ್ತಾಗಿತ್ತು.
ಇನ್ನೂ ಹಬಿ ಆಡಲತ್ತಿತ್ತು.