ಬೇಲಿಯಾಚೆಯ ಹುಡುಗನಿಗೆ

ಅಳಬೇಡ ಬೇಸಿಕ್, ಕೈ ತೋರಿಸು.
ಹೊಡೆಯುವುದಕ್ಕಲ್ಲ;
ಉಗುರಸಂದಿಯ ಹಸಿರನ್ನೊಮ್ಮೆ ಮೂಸುವುದಕ್ಕೆ.
ಹೂಂ. ಚೆಂಡು ಹೂವೇ.
ಒಂದಿಡೀ ಸಾಲು, ನಲವತ್ತು ಸಸಿ,
ಅದೂ ಒಂದರ ಬೇರೂ ಹರಿಯದ ಹಾಗೆ
ಎಷ್ಟು ಜೋಪಾನವಾಗಿ ಕಿತ್ತಿದ್ದೀಯೋ ಮಾರಾಯ!

ತಪ್ಪು ನನ್ನದೂ ಇದೆ.
ಸೀಳುಸೀಳು ಎಲೆಯದ್ದೆಲ್ಲ ಕಿತ್ತುಬಿಡು ಎಂದು ಹೇಳಿ
ಸೀದುಹೋಗುತ್ತಿದ್ದ ಮೆಕ್ಕೆಜೋಳದ ರೊಟ್ಟಿಯ ಕಡೆ ಓಡಿದವಳು ನಾನು.
ಮೇ ತಿಂಗಳಲ್ಲಿ ಇವೆರಡೂ ಒಂದೇ ಬಸಿರಿನವು ಅನ್ನಬೇಕು,
ನನ್ನ ಚೆಂಡು ಹೂ, ಮತ್ತೆ ಆ ಹಾಳು ಅಂಬ್ರೋಸಿಯ.
ಆಗಸ್ಟಿಗೆ ಅದರ ಹುಡಿ ಎದ್ದಿತೆಂದರೆ
ಪಾದ್ರಿ ಸಮೇತ ಈ ಬೀದಿ ಸೀನುತ್ತದೆ.

ಕಣ್ಣನ್ನು ನಂಬಬೇಡ. ಎಲೆ ಹೊಸಕು, ಮೂಗಿಗೆ ಹಿಡಿ.
ಹುಬ್ಬು ಗಂಟಿಕ್ಕುವಷ್ಟು ಖಾರದ ವಾಸನೆ ಬಂದರೆ ಅದು ನಮ್ಮದು.
ದಂಟು ಸವರು: ನಮ್ಮದು ನುಣುಪು,
ಅದಕ್ಕೆ, ನಿಮ್ಮಣ್ಣ ಜೂರಾನ ತುಟಿಯ ಮೇಲಿನ ಹಾಗೆ,
ಈಗಷ್ಟೇ ಮೂಡಿದ ನವಿರು ಕೂದಲು.
ನಗು ಬಂತಾ? ಬರಲಿ.

ಆ ಬುಟ್ಟಿ ಬಗ್ಗಿಸು, ನೋಡೋಣ.
ಅಯ್ಯೋ, ಗೋಣಿಸೊಪ್ಪು!
ಕೆಂಪು ದಂಟು, ಕೊಬ್ಬಿದ ಪುಟ್ಟ ಎಲೆ,
ನೆಲಕ್ಕೆ ಬೆನ್ನು ಹಚ್ಚಿ ಮಲಗುವ ಸೋಮಾರಿ.
ಇದು ಕಳೆಯಲ್ಲವೋ, ಮಧ್ಯಾಹ್ನದ ಊಟ.
ಬೇಯಿಸಿ, ಹಿಂಡಿ, ಅಕ್ರೋಟು ಬೆಳ್ಳುಳ್ಳಿ ಅರೆದು ಕಲಸಿದರೆ
ಬಟ್ಟಲು ನೆಕ್ಕುತ್ತೀಯ. ಹೆಕ್ಕಿ ಬೇರೆ ಇಡು.
ತುರಚಿಯನ್ನು ಮುಟ್ಟಲೇ ಇಲ್ಲ, ಜಾಣ.

ಗರಿಕೆ ಮಾತ್ರ ಬೇರೆ ಜಾತಿ.
ಮೇಲೆ ಹಿಡಿದೆಳೆದರೆ ಜುಟ್ಟು ಕೈಗೆ, ಮೈ ಕೆಳಗೇ.
ಮಳೆ ನಿಂತ ಮರುದಿನ, ಕ್ವಿರಿಲಾ ಹೊಳೆ ಇನ್ನೂ ಕೆಂಪಗಿರುವಾಗ,
ಗಿಣ್ಣು ಗಿಣ್ಣು ಎಣಿಸುತ್ತ ಬಿಡಿಸಬೇಕು.
ಗೊಬ್ಬರದ ಗುಂಡಿಗೆ ಹಾಕಬೇಡ, ಅಲ್ಲೇ ಸಂಸಾರ ಹೂಡುತ್ತದೆ;
ತಗಡಿನ ಮೇಲೆ ಹರಡು, ಉಳಿದದ್ದು ಬಿಸಿಲು ನೋಡಿಕೊಳ್ಳುತ್ತದೆ.
ನನ್ನ ಗಂಡ ವಝಾ ಹೀಗೆ ಕೂತು ಎಷ್ಟು ಸಂಜೆ ಕಳೆದನೋ.
ಕಳೆ ಕೀಳುತ್ತ ಕಳೆದ ಸಂಜೆಯನ್ನು
ದೇವರು ಆಯುಷ್ಯದಿಂದ ಕಳೆಯುವುದಿಲ್ಲ ಎನ್ನುತ್ತಿದ್ದ.
ಅರವತ್ತೊಂದಕ್ಕೇ ಹೋದ.
ಲೆಕ್ಕದಲ್ಲಿ ಎಲ್ಲೋ ತಪ್ಪಿದೆ.

ಈಗ ಇಲ್ಲಿ ಬಾ, ಬೇಲಿಯ ಹತ್ತಿರ,
ನೀನು ನುಸುಳಿ ಬಂದ ಕಿಂಡಿಯ ಪಕ್ಕಕ್ಕೆ.
ಬಾಣದ ಮೊನೆಯಂಥ ಎಲೆ, ಬಿಳಿ ತುತ್ತೂರಿ ಹೂ,
ಬೀನ್ಸಿನ ಕೋಲನ್ನು ಹಳೇ ನೆಂಟನಂತೆ ಅಪ್ಪಿಕೊಂಡು ಹತ್ತುವುದು.
ಚೆಂದ ಅಂದೆಯಾ? ಹೌದು, ಚೆಂದವೇ.
ಮೊದಲ ವರ್ಷ ಗುದ್ದಲಿಯಲ್ಲಿ ಕೊಚ್ಚಿದೆ:
ಒಂದು ಬೇರು ಹತ್ತು ತುಂಡು, ಹತ್ತು ತುಂಡು ಹತ್ತು ಹಂಬು.
ಮೂರನೆಯ ವರ್ಷ ಸೊಂಟದ ತನಕ ಅಗೆದೆ.
ದಾರದಂಥ ಬಿಳಿ ಬೇರು ಬೇಲಿಯಡಿ ಹೊಕ್ಕು
ನಿನ್ನ ತಾತ ಗುರಾಮನ ದ್ರಾಕ್ಷಿ ಬುಡಕ್ಕೆ ನಡೆದಿತ್ತು.
ಅಲ್ಲಿಗೆ ನಿಲ್ಲಿಸಿದೆ.
ಒಂದು ಮೊಳ ನೆಲದ ಜಗಳ ಅದು,
ಹನ್ನೊಂದು ವರ್ಷದಿಂದ ಮಾತಿಲ್ಲ; ನಿನಗೆ ಬೇಡ.
ಅಲ್ಲಿಂದ ಬಂತೋ, ಇಲ್ಲಿಂದ ಹೋಯಿತೋ,
ಬೇರು ಬಾಯಿ ಬಿಡುವುದಿಲ್ಲ.
ಈ ಕಡೆ ನಾನು ದಿನಾ ಚಿಗುರು ಚಿವುಟುತ್ತೇನೆ.
ಆ ಕಡೆಯೂ ಯಾರೋ ಚಿವುಟುವ ಸದ್ದು,
ಬೆಳಗ್ಗೆ, ಆರಕ್ಕೆ ಮೊದಲು.

ಸರಿ, ಮೊಸರಿನ ಆ ಖಾಲಿ ಮಡಕೆ ತಾ, ನೀರು ತುಂಬು.
ನಲವತ್ತನ್ನೂ ನೆರಳಲ್ಲಿ ನಿಲ್ಲಿಸು, ಸಂಜೆ ತಂಪಿಗೆ ನೆಡೋಣ.
ಚೆಂಡು ಹೂ ಮುನಿಸು ಸಾಧಿಸುವ ಪೈಕಿಯಲ್ಲ;
ಎರಡು ದಿನ ತಲೆ ಬಾಗಿಸಿ
ಮೂರನೆಯ ದಿನ ಏನೂ ನಡೆದಿಲ್ಲವೆಂಬಂತೆ ಎದ್ದು ನಿಲ್ಲುತ್ತದೆ.
ಹತ್ತು ಸಸಿ ನಿನ್ನ ತಾತನಿಗೆ ತಗೊಂಡು ಹೋಗು.
ಹೊಸ ವರ್ಷದ ಸತ್ಸಿವಿಗೆ ಹಾಕುವ ಹಳದಿ ಪುಡಿಯನ್ನು
ಅಂಗಡಿಯಿಂದ ತರುತ್ತಾನಂತೆ, ನಾಚಿಕೆಗೇಡು.
ನಾನು ಕೊಟ್ಟೆ ಅನ್ನಬೇಡ.
ಕಳೆಯೆಂದು ಕಿತ್ತು ಎಸೆದಿದ್ದರು,
ಹೆಕ್ಕಿ ತಂದೆ ಅನ್ನು.